ಮೊದಲು ಅಳತೆ, ಆಮೇಲೆ ಅಂದ: ನಡುವಯಸ್ಸಿನ ಕನ್ನಡಕ ಕುರಿತು ಓದುಗರ ಪ್ರಶ್ನೆಗಳು

ನಲವತ್ತು ದಾಟಿದವರು ಕನ್ನಡಕ ಕೊಳ್ಳುವಾಗ ಎದುರಾಗುವ ಗೊಂದಲಗಳನ್ನು ಬರೆದು ಕಳುಹಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಕೇಳಿದವರ ಹೆಸರುಗಳನ್ನು ಬಿಟ್ಟು, ಊರು ಮತ್ತು ಉದ್ಯೋಗವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಹಲವು ವರ್ಷ ಕನ್ನಡಕದ ಅಂಗಡಿಯಲ್ಲಿ ಕಣ್ಣಳತೆ ತೆಗೆದು ಫ್ರೇಮು ಕೂರಿಸಿದ ಅನುಭವವುಳ್ಳ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ 46 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಈವರೆಗೆ ಕನ್ನಡಕದ ಗೊಡವೆಯೇ ಇರಲಿಲ್ಲ. ಒಂದು ವರ್ಷದಿಂದ ಹಾಜರಿ ಪುಸ್ತಕವನ್ನು ಕೈ ಚಾಚಿ ಹಿಡಿಯದೆ ಓದಲಾಗುತ್ತಿಲ್ಲ. ಕೊನೆಯ ಬೆಂಚಿನ ಹುಡುಗ ಮಾತ್ರ ಸ್ಪಷ್ಟವಾಗಿಯೇ ಕಾಣುತ್ತಾನೆ. ಅಂಗಡಿಯವರು ಪ್ರೊಗ್ರೆಸಿವ್ ಹಾಕಿಸಿ ಎನ್ನುತ್ತಾರೆ, ಅಕ್ಕ ಬೈಫೋಕಲ್ ಸಾಕು ಎನ್ನುತ್ತಾಳೆ. ಬೈಫೋಕಲ್ಲಿನ ಗೆರೆ ವಯಸ್ಸನ್ನು ಸಾರಿ ಹೇಳುತ್ತದೆಂಬ ಅಳುಕೂ ನನಗಿದೆ.
— ಶಿಕ್ಷಕಿ, ಧಾರವಾಡ

ಉತ್ತರ: ನಿಮಗೆ ಬಂದಿರುವುದು ಚಾಳೀಸು. ಮರಾಠಿ, ಹಿಂದೂಸ್ತಾನಿಗಳಲ್ಲಿ 40ಕ್ಕೆ ಇರುವ ಹೆಸರೇ ನಮ್ಮಲ್ಲಿ ಈ ನೋಟದ ಕೊರತೆಗೂ ಅದಕ್ಕೆ ಹಾಕುವ ಕನ್ನಡಕಕ್ಕೂ ಹೆಸರಾಗಿ ನಿಂತಿದೆ. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿನೊಳಗಿನ ಮಸೂರವು ಎಳೆಯ ವಯಸ್ಸಿನಲ್ಲಿ ಮೆದುವಾಗಿದ್ದು, ಹತ್ತಿರದ್ದನ್ನು ನೋಡುವಾಗ ತಾನಾಗಿಯೇ ಉಬ್ಬಿಕೊಳ್ಳುತ್ತದೆ. ವರ್ಷ ಕಳೆದಂತೆ ಅದು ಗಡುಸಾಗಿ, ಸುತ್ತಲಿನ ಸ್ನಾಯು ಎಷ್ಟೇ ದುಡಿದರೂ ಮೊದಲಿನಷ್ಟು ಉಬ್ಬುವುದಿಲ್ಲ. ಇದು ರೋಗವಲ್ಲ, ಕನ್ನಡಕ ಹಾಕಿದ್ದರಿಂದ ಹೆಚ್ಚುವುದೂ ಇಲ್ಲ, ಹಾಕುವುದಿಲ್ಲವೆಂದು ಹಟ ಹಿಡಿದರೆ ನಿಲ್ಲುವುದೂ ಇಲ್ಲ. ಹತ್ತಿರದ ನೋಟಕ್ಕೆಂದು ಕೂಡಿಸುವ ಪವರ್, ಅಂದರೆ ಚೀಟಿಯಲ್ಲಿ 'ಆಡ್' ಎಂದು ಬರೆಯುವುದು, ನಿಮ್ಮ ವಯಸ್ಸಿನಲ್ಲಿ ಸಾಮಾನ್ಯವಾಗಿ +1.25ರಿಂದ +1.50ರ ಆಸುಪಾಸಿನಲ್ಲಿದ್ದು, 60ರ ಹೊತ್ತಿಗೆ +2.50ರ ಬಳಿ ಬಂದು ನಿಲ್ಲುತ್ತದೆ.

ಅಂಗಡಿಗೆ ಹೋಗುವ ಮುನ್ನ ಒಂದು ದಿನ ದರ್ಜಿಯ ಟೇಪನ್ನು ಜೊತೆಗಿಟ್ಟುಕೊಂಡು, ನಿಮ್ಮ ಕಣ್ಣು ದಿನವಿಡೀ ಯಾವ ಯಾವ ದೂರಗಳಲ್ಲಿ ಕೆಲಸ ಮಾಡುತ್ತದೆಂದು ಅಳೆದು ಬರೆದುಕೊಳ್ಳಿ. ತಿದ್ದುವ ನೋಟುಪುಸ್ತಕ ಸುಮಾರು 40 ಸೆಂ.ಮೀ., ಮೇಜಿನ ಮೇಲಿನ ಲ್ಯಾಪ್‌ಟಾಪ್ 60 ಸೆಂ.ಮೀ., ಬೋರ್ಡಿನ ಮೇಲೆ ನೀವೇ ಬರೆಯುವಾಗ ಒಂದು ತೋಳಿನಷ್ಟು, ತರಗತಿಯ ಮಕ್ಕಳು ಎರಡರಿಂದ ಎಂಟು ಮೀಟರ್ ಎಂದು ಆ ಪಟ್ಟಿ ಇದ್ದೀತು. ಯಾವ ಕನ್ನಡಕ ಬೇಕೆಂಬುದನ್ನು ಆ ಪಟ್ಟಿಯೇ ಹೇಳುತ್ತದೆ. ಬರೀ ಓದುವ ಕನ್ನಡಕವಾದರೆ ಪುಸ್ತಕ ನಿಚ್ಚಳವಾಗುತ್ತದೆ, ತಲೆ ಎತ್ತಿದ ಕೂಡಲೇ ಮಕ್ಕಳು ಮಸುಕಾಗುತ್ತಾರೆ. ಒಂದು ಪೀರಿಯಡ್ಡಿನಲ್ಲಿ ನಲವತ್ತು ಬಾರಿ ತೆಗೆದು ಹಾಕುವ ಕಷ್ಟ ಯಾರಿಗೆ ಬೇಕು? ಬೈಫೋಕಲ್‌ನಲ್ಲಿ ದೂರಕ್ಕೊಂದು, ಹತ್ತಿರಕ್ಕೊಂದು ಎಂದು ಎರಡೇ ಪವರ್ ಇರುತ್ತದೆ. ನಿಮ್ಮ ಆಡ್ ಇನ್ನೂ ಚಿಕ್ಕದಾಗಿರುವುದರಿಂದ ನಡುವಿನ ದೂರ ಇವತ್ತಿಗೆ ಹೇಗೋ ಸರಿಹೋಗುತ್ತದೆ, ಆದರೆ 52–53ರ ಹೊತ್ತಿಗೆ ಬೋರ್ಡಿನ ಮೇಲೆ ನೀವೇ ಬರೆದ ಅಂಕಿ ಎರಡೂ ಭಾಗಗಳಲ್ಲಿ ಕೈಕೊಡುತ್ತದೆ. ಆದ್ದರಿಂದ ನಿಮ್ಮ ಉದ್ಯೋಗಕ್ಕೆ, ದೂರದಿಂದ ಹತ್ತಿರದವರೆಗೆ ಪವರ್ ಮೆಲ್ಲಗೆ ಬದಲಾಗುವ ಪ್ರೊಗ್ರೆಸಿವ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಹೊಂದಿಕೊಳ್ಳುವುದು ಆಡ್ ಚಿಕ್ಕದಿರುವಾಗಲೇ ಸುಲಭ.

ಬೈಫೋಕಲ್‌ನ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಹದಿನೆಂಟನೆಯ ಶತಮಾನದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೆ. ಗೆರೆಯಿಲ್ಲದ ಪ್ರೊಗ್ರೆಸಿವ್ ಲೆನ್ಸು ಫ್ರಾನ್ಸಿನಲ್ಲಿ 'ವ್ಯಾರಿಲಕ್ಸ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಮೇಲಿನಿಂದ ಕೆಳಕ್ಕೆ ಪವರ್ ಮೆಲ್ಲಗೆ ಏರುವ ಒಂದು ಓಣಿ ಅದರ ನಡುವೆ ಇರುತ್ತದೆ. ಆ ಓಣಿಯ ಎಡಬಲಗಳಲ್ಲಿ ನೋಟ ಸ್ವಲ್ಪ ಅಲುಗುವುದು ಆ ಲೆನ್ಸಿನ ಹುಟ್ಟುಗುಣ, ಎಷ್ಟು ದುಡ್ಡು ಕೊಟ್ಟರೂ ಅದು ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಈ ಓಣಿ ನಿಮ್ಮ ಕಣ್ಣಪಾಪೆಯ ಎದುರಿಗೇ ಬೀಳಬೇಕು. ಹಾಗಾಗಬೇಕಾದರೆ ಅಂಗಡಿಯವರು ಮೂಗಿನ ನಡುವಿನಿಂದ ಎಡಗಣ್ಣಿಗೆ ಎಷ್ಟು, ಬಲಗಣ್ಣಿಗೆ ಎಷ್ಟು ಎಂದು ಪಿ.ಡಿ.ಯನ್ನು, ಅಂದರೆ ಕಣ್ಣಪಾಪೆಗಳ ಅಂತರವನ್ನು, ಬೇರೆ ಬೇರೆಯಾಗಿ ಅಳೆಯಬೇಕು. ಬಳಿಕ ನೀವು ಆರಿಸಿದ ಫ್ರೇಮನ್ನೇ ನಿಮ್ಮ ಮುಖದ ಮೇಲೆ ಸರಿಯಾಗಿ ಕೂರಿಸಿ, ಮಾರ್ಕರಿನಿಂದ ಪಾಪೆಯ ಎದುರಿಗೆ ಚುಕ್ಕೆ ಇಟ್ಟು, ಅಲ್ಲಿಂದ ಕೆಳ ಅಂಚಿಗೆ ಎಷ್ಟು ಎತ್ತರವಿದೆಯೆಂದು ಅಳೆಯಬೇಕು. ಈ ಎರಡನ್ನೂ ಮಾಡದೆ ಪ್ರೊಗ್ರೆಸಿವ್ ಮಾರಲು ಬರುವವರಿಗೆ ನಮಸ್ಕಾರ ಹೇಳಿ ಹೊರಗೆ ಬನ್ನಿ. ಲೆನ್ಸಿನ ಎತ್ತರ 30 ಮಿ.ಮೀ.ಗಿಂತ ಕಡಿಮೆಯಿರುವ ಸಪೂರ ಫ್ರೇಮುಗಳನ್ನು ನೋಡುವುದೇ ಬೇಡ, ಅವುಗಳಲ್ಲಿ ಓದುವ ಭಾಗವೇ ಕತ್ತರಿಸಿ ಹೋಗಿರುತ್ತದೆ. ಮೊದಲ ಎರಡು ವಾರ ಮೆಟ್ಟಿಲಿಳಿಯುವಾಗ ಗದ್ದವನ್ನು ಎದೆಯ ಕಡೆಗೆ ತಗ್ಗಿಸಿ, ಲೆನ್ಸಿನ ಮೇಲ್ಭಾಗದಿಂದ ಮೆಟ್ಟಿಲನ್ನು ನೋಡಿರಿ. ಓದುವ ಭಾಗದಿಂದ ನೋಡಿದ ಮೆಟ್ಟಿಲು ಇರುವಲ್ಲಿ ಕಾಣುವುದಿಲ್ಲ.

ಇನ್ನು ಗೆರೆಯ ಮಾತು. ಎದುರಿನವರ ಕಣ್ಣಿಗೆ ಬೀಳುವುದು ಗೆರೆಗಿಂತ ಹೆಚ್ಚಾಗಿ, ಅಕ್ಷರ ಹಿಡಿಯಲು ನೀವು ಕೈ ಚಾಚುವ, ಹುಬ್ಬು ಗಂಟಿಕ್ಕುವ ಭಂಗಿ. ಈಗ ವಯಸ್ಸನ್ನು ಸಾರುತ್ತಿರುವುದು ಅದೇ.

ಪ್ರಶ್ನೆ: ನನಗೆ 52. ದುಂಡು ಮುಖ, ಎಣ್ಣೆಗೆಂಪು ಬಣ್ಣ. ಕೂದಲಿಗೆ ಬಣ್ಣ ಹಚ್ಚುವುದನ್ನು ಕಳೆದ ವರ್ಷ ನಿಲ್ಲಿಸಿದ್ದೇನೆ. ಹಳೆಯ ಕಪ್ಪು ಫ್ರೇಮು ಈಗ ಮುಖವನ್ನು ಸಿಡುಕಾಗಿ ಕಾಣಿಸುತ್ತದೆಂದು ಮಗಳು ಹೇಳುತ್ತಾಳೆ. ಅಂಗಡಿಯಲ್ಲಿ ತೂಗುಹಾಕಿದ್ದ ಪಟ್ಟಿಯಲ್ಲಿ ದುಂಡು ಮುಖಕ್ಕೆ ಚೌಕ ಫ್ರೇಮು ಎಂದಿತ್ತು. ಹಾಕಿ ನೋಡಿದರೆ ಯಾರದೋ ಕನ್ನಡಕ ಎರವಲು ತಂದಂತಿತ್ತು. ಹೇಗೆ ಆರಿಸಲಿ?
— ಗೃಹಿಣಿ, ಶಿವಮೊಗ್ಗ

ಉತ್ತರ: ಆ ಪಟ್ಟಿ ಅರ್ಧ ಮಾತ್ರ ನಿಜ. ಮುಖದ ಗೆರೆಗೆ ಎದುರಾದ ಗೆರೆಯುಳ್ಳ ಫ್ರೇಮು ಒಪ್ಪುತ್ತದೆಂಬುದು ಅದರ ಲೆಕ್ಕ. ಆದರೆ ಮುಖಗಳು ವೃತ್ತ, ಚೌಕಗಳಾಗಿ ಹುಟ್ಟುವುದಿಲ್ಲ. ಆಕಾರ ಸರಿಯಿದ್ದು ಅಳತೆ ತಪ್ಪಿದರೆ ಯಾವ ಫ್ರೇಮೂ ಎರವಲಾಗಿಯೇ ಕಾಣುತ್ತದೆ. ನನ್ನ ಅನುಭವದಲ್ಲಿ ಅಂದಗೆಡಿಸುವುದು ಆಕಾರಕ್ಕಿಂತ ಹೆಚ್ಚಾಗಿ ಅಳತೆ.

ನಿಮ್ಮ ಹಳೆಯ ಫ್ರೇಮಿನ ಕಡ್ಡಿಯ ಒಳಮೈಯನ್ನು ನೋಡಿರಿ. 52, 18, 140 ಎಂಬಂಥ ಮೂರು ಅಂಕಿಗಳು ಇರುತ್ತವೆ: ಒಂದು ಲೆನ್ಸಿನ ಅಗಲ, ಮೂಗಿನ ಮೇಲಿನ ಸೇತುವೆಯ ಅಗಲ, ಕಿವಿಗೆ ಹೋಗುವ ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಸೀರೆಗೆ ರವಿಕೆಯ ಅಳತೆ ಇಟ್ಟುಕೊಂಡಂತೆ ಇದನ್ನು ಬರೆದಿಟ್ಟುಕೊಳ್ಳಿ. ಹೊಸ ಫ್ರೇಮು ಇದರಿಂದ ಎರಡು ಮಿ.ಮೀ. ಆಚೀಚೆಯಾದರೂ ಮುಖದ ಮೇಲೆ ಬೇರೆಯೇ ಕೂರುತ್ತದೆ. ಫ್ರೇಮಿನ ಒಟ್ಟು ಅಗಲವು ಕಣತಲೆಯ ಬಳಿ ಮುಖದ ಅಗಲಕ್ಕೆ ಸಮನಾಗಿರಬೇಕು: ಒಳಗೆ ಹೊಕ್ಕರೆ ಕೆನ್ನೆ ದಪ್ಪ ಕಾಣುತ್ತದೆ, ಹೊರಗೆ ಚಾಚಿದರೆ ಮುಖ ಕುಗ್ಗುತ್ತದೆ. ಕಣ್ಣಪಾಪೆಯು ಲೆನ್ಸಿನ ಅಡ್ಡಳತೆಯ ನಡುವಿನಲ್ಲಿ ಅಥವಾ ಅಲ್ಲಿಂದ ಕೂದಲೆಳೆಯಷ್ಟು ಮೂಗಿನ ಕಡೆಗೆ, ಎತ್ತರದಲ್ಲಿ ನಡುವಿಗಿಂತ ಸ್ವಲ್ಪ ಮೇಲೆ ಇರಬೇಕು. ವಿಶೇಷವೇನೆಂದರೆ, ಚೆನ್ನಾಗಿ ಕಾಣಿಸುವುದಕ್ಕೂ ಚೆನ್ನಾಗಿ ಕಾಣುವುದಕ್ಕೂ ಬೇಕಾದದ್ದು ಇದೇ ಒಂದು ಜಾಗ. ಪಾಪೆ ನಡುವಿಗೆ ಬಂದರೆ ಲೆನ್ಸು ತೆಳ್ಳಗಾಗುತ್ತದೆ, ನೋಟ ನೇರವಾಗುತ್ತದೆ, ಮುಖವೂ ನೆಟ್ಟಗಾಗುತ್ತದೆ.

ಮೇಲಿನ ಅಂಚು ಹುಬ್ಬಿನ ಬಾಗನ್ನು ಅನುಸರಿಸಲಿ. ಹುಬ್ಬು ಫ್ರೇಮಿನ ಒಳಗೆ ಒಂದು, ಹೊರಗೆ ಒಂದು ಎಂದು ಎರಡಾಗಿ ಕಂಡರೆ ಸದಾ ಬೆರಗಾದಂತೆ ಕಾಣುತ್ತೀರಿ. ನಮ್ಮ ವಯಸ್ಸಿನಲ್ಲಿ ಮುಖದ ಗೆರೆಗಳೆಲ್ಲ ಕೆಳಗಿಳಿಯುತ್ತಿರುವುದರಿಂದ, ಹೊರತುದಿಯಲ್ಲಿ ಜೋತುಬಿದ್ದ ಆಕಾರಗಳನ್ನು ಬಿಟ್ಟು, ತುಸು ಮೇಲೆದ್ದ ತುದಿಯುಳ್ಳದ್ದನ್ನು ನೋಡಿರಿ. ಕೆಳ ಅಂಚು ಕಣ್ಣಿನ ಕೆಳಗಿನ ಊತದ ಮೇಲೇ ಬಿದ್ದರೆ ಅದನ್ನು ಗೆರೆ ಎಳೆದು ತೋರಿಸಿದಂತಾಗುತ್ತದೆ. ಅದಕ್ಕಿಂತ ಸ್ವಲ್ಪ ಕೆಳಗೆ ಬಂದರೆ ಮುಚ್ಚಿಹೋಗುತ್ತದೆ. ಆದರೆ ಇನ್ನೂ ಕೆಳಗಿಳಿದು ಕೆನ್ನೆಗೆ ತಾಗಬಾರದು. ಇದನ್ನು ತಿಳಿಯಲು ಕನ್ನಡಿಯ ಮುಂದೆ ಗಂಭೀರವಾಗಿ ನಿಂತರೆ ಸಾಲದು, ಬಾಯಿ ತುಂಬ ನಗಬೇಕು: ನಕ್ಕಾಗ ಫ್ರೇಮು ಮೇಲೆದ್ದರೆ ಅದು ನಿಮ್ಮದಲ್ಲ.

ಬಣ್ಣದ ವಿಷಯದಲ್ಲಿ ನಿಮ್ಮ ಮಗಳ ಮಾತು ಸರಿ. ಕಪ್ಪು ಕೂದಲಿದ್ದಾಗ ಕಪ್ಪು ಫ್ರೇಮಿಗೆ ಮೇಲೊಂದು ಜೊತೆಯಿತ್ತು. ಕೂದಲು ಬೆಳ್ಳಿಯಾದ ಮೇಲೆ ಅದು ಮುಖದ ನಡುವೆ ಒಂಟಿಯಾಗಿ ನಿಂತಿದೆ. ನಿಮ್ಮ ಮೈಬಣ್ಣಕ್ಕೆ ಕಾಫಿಯ ಕಂದು, ಕುಂಕುಮಕ್ಕೆ ಹತ್ತಿರದ ಕಡುಗೆಂಪು, ಶಾಯಿಯ ನೀಲಿ, ಕಡುಹಸಿರು ಇವೆಲ್ಲ ಒಪ್ಪುತ್ತವೆ. ಬಣ್ಣದ ಛಾಯೆಯುಳ್ಳ ಪಾರದರ್ಶಕ ಫ್ರೇಮನ್ನೂ ಒಮ್ಮೆ ಹಾಕಿ ನೋಡಿ. ಚಿನ್ನದ ಬಣ್ಣದ ಲೋಹ ಮೂಗುತಿ, ಓಲೆಗಳೊಡನೆ ಹೊಂದುತ್ತದೆ, ಆದರೆ ಲೋಹ ತಾಗಿದರೆ ಚರ್ಮ ತುರಿಸುವವರು ನಿಕ್ಕಲ್ ಇರದ ಟೈಟೇನಿಯಂ ಕೇಳಬೇಕು. ನೀವು ಝುಮಕಿ, ಮಾಟಿ ಹಾಕುವವರಾದರೆ ಅಗಲ ಕಡ್ಡಿಯ ಫ್ರೇಮು ಬೇಡ. ಕಿವಿಯ ಬಳಿ ಕನ್ನಡಕವೂ ಮಾಟಿಯೂ ಜಾಗಕ್ಕಾಗಿ ಜಗಳಾಡುತ್ತವೆ.

ಅಂದಕ್ಕೆಂದು ಒಂದೇ ಒಂದು ಕಡೆ ಹೆಚ್ಚು ಹಣ ಹಾಕುವುದಾದರೆ ಅದನ್ನು ಏ.ಆರ್. ಕೋಟಿಂಗಿಗೆ, ಅಂದರೆ ಪ್ರತಿಫಲನ ತಗ್ಗಿಸುವ ಲೇಪಕ್ಕೆ, ಹಾಕಿರಿ. ಸಾದಾ ಲೆನ್ಸಿನ ಒಂದೊಂದು ಮೈಯೂ ಬೀಳುವ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಮದುವೆಮನೆಯ ಫೋಟೋಗಳಲ್ಲಿ ಕಣ್ಣಿನ ಬದಲು ಎರಡು ಬಿಳಿ ಕಿಟಕಿಗಳು ಕಾಣುವುದು ಅದರಿಂದಲೇ. ಈ ಲೇಪವಿದ್ದರೆ ಎದುರಿನವರಿಗೆ ನಿಮ್ಮ ಕಣ್ಣು ಕಾಣುತ್ತದೆ. ಕೊನೆಯದಾಗಿ ಒಂದು ಉಪಾಯ: ಅಂಗಡಿಯ ಫ್ರೇಮಿನಲ್ಲಿ ನಿಮ್ಮ ಪವರ್ ಇರುವುದಿಲ್ಲವಾದ್ದರಿಂದ ಕನ್ನಡಿಯಲ್ಲಿ ನಿಮಗೆ ನಿಮ್ಮ ಮುಖವೇ ಸರಿಯಾಗಿ ಕಾಣುವುದಿಲ್ಲ. ಮಗಳಿಂದ ಎರಡು ಮೀಟರ್ ದೂರದಿಂದ ಫೋನಿನಲ್ಲಿ ಫೋಟೋ ತೆಗೆಸಿ, ಹಳೆಯ ಕನ್ನಡಕ ಹಾಕಿಕೊಂಡು ನೋಡಿ ತೀರ್ಮಾನಿಸಿ.

ಪ್ರಶ್ನೆ: ವಯಸ್ಸು 50, ಲೆಕ್ಕಪತ್ರದ ಕೆಲಸ. ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್. ದುಬಾರಿ ಪ್ರೊಗ್ರೆಸಿವ್ ಕನ್ನಡಕ ಕೊಂಡ ಮೇಲೆ ಕತ್ತು ನೋವು ಶುರುವಾಗಿದೆ. ಅದಕ್ಕೆ ಬ್ಲೂ ಫಿಲ್ಟರ್ ಕೂಡ ಹಾಕಿಸಿದ್ದೇನೆ. ತಪ್ಪು ಲೆನ್ಸಿನದೋ, ನನ್ನದೋ?
— ಓದುಗರು, ಬೆಂಗಳೂರು

ಉತ್ತರ: ಲೆನ್ಸು ತನ್ನ ಕೆಲಸವನ್ನು ಮಾಡುತ್ತಿದೆ, ನೀವು ಅದಕ್ಕೆ ಬೇರೆಯವರ ಕೆಲಸ ಕೊಟ್ಟಿದ್ದೀರಿ. ಪ್ರೊಗ್ರೆಸಿವ್‌ನಲ್ಲಿ 60–70 ಸೆಂ.ಮೀ. ದೂರಕ್ಕೆ ಇರುವುದು ಓಣಿಯ ಅತಿ ಸಪೂರವಾದ ಭಾಗ, ಅದೂ ಲೆನ್ಸಿನ ನಡುವಿಗಿಂತ ಕೆಳಗೆ. ಕಣ್ಣಿನ ಮಟ್ಟದಲ್ಲಿರುವ ಪರದೆಯನ್ನು ಆ ಭಾಗದಿಂದ ನೋಡಲು ನೀವು ದಿನವಿಡೀ ಗದ್ದ ಎತ್ತಿ ಕೂರುತ್ತೀರಿ; ಕತ್ತು ನೋಯದೆ ಇನ್ನೇನು? ಇವತ್ತೇ ಖರ್ಚಿಲ್ಲದೆ ಮಾಡಬಹುದಾದದ್ದು, ಪರದೆಯನ್ನು ಒಂದು ಗೇಣಿನಷ್ಟು ಕೆಳಗಿಳಿಸುವುದು. ಮಾನಿಟರಿನ ಕೆಳಗೆ ಪುಸ್ತಕ ಒಟ್ಟಿ ಎತ್ತರಿಸುವ ಸಲಹೆ ಇಪ್ಪತ್ತೈದರ ಹುಡುಗರಿಗೆ ಸರಿ, ಪ್ರೊಗ್ರೆಸಿವ್ ಹಾಕಿದವರಿಗೆ ಅಲ್ಲ.

ನಿಜವಾದ ಪರಿಹಾರ ಎರಡನೆಯ ಕನ್ನಡಕ. ಕಂಪ್ಯೂಟರಿನ ದೂರಕ್ಕೆಂದೇ ಒಂದೇ ಪವರಿನ ಸಾದಾ ಲೆನ್ಸು, ಇಲ್ಲವೇ ಪರದೆಯಿಂದ ಕಡತದವರೆಗಿನ ದೂರಕ್ಕೆ ಅಗಲವಾದ ಜಾಗ ಕೊಡುವ, ಅಂಗಡಿಗಳಲ್ಲಿ ಆಫೀಸ್ ಲೆನ್ಸ್ ಎಂದು ಕರೆಯುವ ಬಗೆ. ಕುರ್ಚಿಯಲ್ಲಿ ಒರಗಿ ಕುಳಿತು ಕಣ್ಣಿನಿಂದ ಪರದೆಗೆ ಎಷ್ಟು ದೂರವೆಂದು ಅಳೆದು, ಆ ಅಂಕಿಯನ್ನು ಪರೀಕ್ಷಕರಿಗೆ ಕೊಡಿ. ಅವರು ಆಡ್‌ನಲ್ಲಿ ಎಷ್ಟು ಪಾಲು ಬೇಕೆಂದು ಲೆಕ್ಕ ಹಾಕುತ್ತಾರೆ. ಇದನ್ನು ಮೇಜಿನ ಮೇಲೇ ಬಿಟ್ಟುಬರಬೇಕು, ಹಾಕಿಕೊಂಡು ವಾಹನ ನಡೆಸಬಾರದು. ಒಂದೇ ಕನ್ನಡಕ ಎಲ್ಲಕ್ಕೂ ಆಗಬೇಕೆಂಬ ಆಸೆಯಿಂದ ಜನ ಬಹಳ ದುಡ್ಡು ಕಳೆಯುತ್ತಾರೆ. ಸಾಧಾರಣ ಬೆಲೆಯ ಎರಡು ಕನ್ನಡಕಗಳು ಅದಕ್ಕಿಂತ ಹೆಚ್ಚು ಸುಖ ಕೊಡುತ್ತವೆ.

ಬ್ಲೂ ಫಿಲ್ಟರಿನ ಬಗ್ಗೆ: ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯು 2023ರಲ್ಲಿ 17 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪರದೆಯ ಕೆಲಸದಿಂದಾಗುವ ಕಣ್ಣಿನ ದಣಿವನ್ನು ಅದು ಸಾದಾ ಲೆನ್ಸಿಗಿಂತ ಹೆಚ್ಚು ತಗ್ಗಿಸುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಹಾಕಿಸಿಯಾಗಿದೆ, ಇರಲಿ, ಕೇಡೇನಿಲ್ಲ. ಮುಂದಿನ ಬಾರಿ ಆ ಹಣ ಉಳಿಸಿ. ಪರದೆಯ ಮುಂದೆ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗೆ ಇಪ್ಪತ್ತು ಸೆಕೆಂಡು ನೋಡುವ ಹಳೆಯ ನಿಯಮ ಪುಕ್ಕಟೆ ಸಿಗುತ್ತದೆ.

ಪ್ರಶ್ನೆ: ನನಗೆ 44, ಎರಡೂ ಕಣ್ಣಿಗೆ ಮೈನಸ್ 7. ಕಾಲೇಜಿನ ದಿನಗಳಿಂದ ಕಾಂಟ್ಯಾಕ್ಟ್ ಲೆನ್ಸ್ ಧರಿಸುತ್ತಿದ್ದೇನೆ. ಈಗ ಕಣ್ಣು ಒಣಗುವುದರಿಂದ ಕನ್ನಡಕಕ್ಕೆ ಮರಳಬೇಕಾಗಿದೆ. ಸೋಡಾಬುಡ್ಡಿಯಂತೆ ಕಾಣದಿರಲು ಅತಿ ತೆಳುವಾದ 1.74 ಲೆನ್ಸೇ ಬೇಕೆ?
— ಉಪನ್ಯಾಸಕಿ, ಮಂಗಳೂರು

ಉತ್ತರ: ಮೊದಲು ಫ್ರೇಮು, ಆಮೇಲೆ ಲೆನ್ಸಿನ ಅಂಕಿ, ಅಂದರೆ ಅದರ ವಕ್ರೀಭವನ ಸೂಚ್ಯಂಕ; ಅದು ಹೆಚ್ಚಿದಷ್ಟೂ ಲೆನ್ಸು ತೆಳು. ಮೈನಸ್ ಲೆನ್ಸು ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ಆ ದಪ್ಪ ನಡುವಿನಿಂದ ಅಂಚಿಗಿರುವ ದೂರದ ವರ್ಗದಂತೆ ಬೆಳೆಯುತ್ತದೆ. ಲೆಕ್ಕವನ್ನೇ ನೋಡಿ: ನಿಮ್ಮ ಪವರಿಗೆ 1.50ರ ಸಾಮಾನ್ಯ ಪ್ಲಾಸ್ಟಿಕ್‌ನಲ್ಲಿ, ಪಾಪೆಯಿಂದ ಅಂಚು 30 ಮಿ.ಮೀ. ದೂರವಿದ್ದರೆ ಅಂಚು ನಡುವಿಗಿಂತ ಸುಮಾರು 6 ಮಿ.ಮೀ. ದಪ್ಪವಾಗುತ್ತದೆ, 24 ಮಿ.ಮೀ. ದೂರವಿದ್ದರೆ ಸುಮಾರು 4. ದೊಡ್ಡ ಫ್ರೇಮನ್ನೇ ಇಟ್ಟುಕೊಂಡು 1.74 ಹಾಕಿಸಿದರೂ ಬರುವುದು ಹೆಚ್ಚುಕಡಿಮೆ ಅದೇ 4. ಅಂದರೆ ದುಬಾರಿ ಲೆನ್ಸು ಮಾಡುವ ಕೆಲಸವನ್ನು ಚಿಕ್ಕ ಫ್ರೇಮು ಮಾಡುತ್ತದೆ. ಚಿಕ್ಕದಾದ, ಮೂಲೆಗಳು ದುಂಡಾದ, ಪಾಪೆ ನಟ್ಟನಡುವೆ ಬರುವ ಫ್ರೇಮನ್ನು ಆರಿಸಿ 1.60 ಅಥವಾ 1.67 ಹಾಕಿಸಿರಿ, ಅಂಚನ್ನು ಮುಚ್ಚುವಷ್ಟು ದಪ್ಪವಾದ ಪೂರ್ಣ ರಿಮ್ಮಿರಲಿ, ರಿಮ್‌ಲೆಸ್ ಬೇಡ. ಅಂಕಿ ಏರಿದಂತೆ ಲೆನ್ಸಿನ ಪ್ರತಿಫಲನವೂ ಏರುವುದರಿಂದ ಏ.ಆರ್. ಕೋಟಿಂಗ್ ನಿಮಗೆ ಐಚ್ಛಿಕವಲ್ಲ. ಮೈನಸ್ ಲೆನ್ಸಿನ ಹಿಂದೆ ಕಣ್ಣು ಚಿಕ್ಕದಾಗಿ ಕಾಣುವುದನ್ನು ಪೂರ್ತಿ ತಪ್ಪಿಸಲಾಗದು, ಆದರೆ ಫ್ರೇಮು ಕಣ್ಣಿಗೆ ಹತ್ತಿರ ಕೂತಷ್ಟೂ ಅದು ತಗ್ಗುತ್ತದೆ. ಕರಾವಳಿಯ ಬೆವರಿಗೆ ಅಗ್ಗದ ಲೋಹ ಪಾಚಿ ಕಟ್ಟಿದಂತೆ ಹಸಿರಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನದು ಅಥವಾ ಟೈಟೇನಿಯಂ ತೆಗೆದುಕೊಳ್ಳಿ.

ಒಂದು ಸಣ್ಣ ಲಾಭವೂ ನಿಮಗಿದೆ. ಸಮೀಪದೃಷ್ಟಿಯವರಿಗೆ ಹತ್ತಿರದ್ದನ್ನು ನೋಡಲು ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಬೇಕಾದಷ್ಟು ಶ್ರಮ ಕನ್ನಡಕದಲ್ಲಿ ಬೇಕಾಗುವುದಿಲ್ಲ. ಆದ್ದರಿಂದ ಚಾಳೀಸಿನ ಕಾಟ ಸ್ವಲ್ಪ ಮುಂದಕ್ಕೆ ಹೋದೀತು. ಇಷ್ಟು ಮೈನಸ್ ಇರುವವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಣ್ಣಿನಲ್ಲಿ ಥಟ್ಟನೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳ ಮಳೆ ಕಂಡರೆ, ಆ ದಿನವೇ ವೈದ್ಯರ ಬಳಿ ಹೋಗಿ.

ಪ್ರಶ್ನೆ: ನಮ್ಮ ಯಜಮಾನರಿಗೆ 56, ಅಡಿಕೆ ತೋಟ ನೋಡಿಕೊಳ್ಳುತ್ತಾರೆ, ಓಡಾಟಕ್ಕೆ ಬೈಕು. ಆರು ತಿಂಗಳಲ್ಲಿ ಎರಡು ಬಾರಿ ಕನ್ನಡಕ ಬದಲಾಯಿಸಿದರೂ ಸರಿ ಕಾಣುವುದಿಲ್ಲ ಎನ್ನುತ್ತಾರೆ. ಮೊನ್ನೆಯಿಂದ ಕನ್ನಡಕವಿಲ್ಲದೆಯೇ ಪೇಪರ್ ಓದಬಲ್ಲೆ, ಕಣ್ಣು ಸುಧಾರಿಸಿತು ಎಂದು ಕನ್ನಡಕವನ್ನೇ ಬಿಟ್ಟಿದ್ದಾರೆ.
— ಓದುಗರು, ಶಿರಸಿ

ಉತ್ತರ: ಮೂರನೆಯ ಕನ್ನಡಕ ಕೊಳ್ಳಬೇಡಿ. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ಕಣ್ಣಿನ ವೈದ್ಯರಲ್ಲಿ ಕರೆದೊಯ್ಯಿರಿ. ಸಕ್ಕರೆಯ ಪ್ರಮಾಣ ಏರಿಳಿದರೆ ಕಣ್ಣಿನ ಮಸೂರದ ಪವರ್ ಕೂಡ ಏರಿಳಿಯುತ್ತದೆ. ಆಗ ತೆಗೆದ ಅಳತೆ ಮುಂದಿನ ತಿಂಗಳಿಗೆ ಸುಳ್ಳಾಗುತ್ತದೆ. ಸಕ್ಕರೆ ಹಿಡಿತಕ್ಕೆ ಬಂದು ಕೆಲವು ವಾರ ಸ್ಥಿರವಾಗಿದ್ದ ಮೇಲೆಯೇ ಕನ್ನಡಕ ಮಾಡಿಸಬೇಕು. ಎರಡನೆಯ ಅನುಮಾನ ಪೊರೆಯದು. ಮಸೂರದ ನಡುಭಾಗ ಗಟ್ಟಿಯಾಗಿ ಪೊರೆ ಬೆಳೆಯುವಾಗ ಕಣ್ಣು ಮೈನಸ್ ಕಡೆಗೆ ಸರಿದು, ಇದ್ದಕ್ಕಿದ್ದಂತೆ ಹತ್ತಿರದ ಅಕ್ಷರ ಬರಿಗಣ್ಣಿಗೆ ಕಾಣತೊಡಗುತ್ತದೆ. ಹಿಂದಿನವರು ಇದನ್ನು ಹಿರಿಯರ ಪುಣ್ಯವೆಂದು ಹೇಳಿಕೊಳ್ಳುತ್ತಿದ್ದರು. ಅದರ ಬೆಲೆಯಾಗಿ ದೂರದ ನೋಟ ಹೋಗುತ್ತಿರುತ್ತದೆ, ಮತ್ತು ಅವರು ಬೈಕು ಓಡಿಸುವುದು ದೂರದ ನೋಟದಿಂದ. ಜೊತೆಗೆ ಕಣ್ಣಿನ ಒತ್ತಡವನ್ನೂ ಅಳೆಸಿ, 40 ದಾಟಿದ ಎಲ್ಲರಿಗೂ ಅದು ಬೇಕು. ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಇದಕ್ಕೆಲ್ಲ ಅನುಕೂಲವಿದೆ.

ಇದೆಲ್ಲ ಮುಗಿದ ಮೇಲೆ ಕನ್ನಡಕದ ಮಾತು. ತೋಟದಲ್ಲಿ ದಿಬ್ಬ, ಕಾಲುವೆ, ಸಂಕ ದಾಟುವವರಿಗೆ ಪ್ರೊಗ್ರೆಸಿವ್‌ನ ಕೆಳಭಾಗ ತೊಡಕು. ಹೊರಗಿನ ಓಡಾಟಕ್ಕೆ ಬರೀ ದೂರದ ಕನ್ನಡಕ, ಅಡಿಕೆ ಆರಿಸಲು ಮತ್ತು ಲೆಕ್ಕ ಬರೆಯಲು ಮನೆಯಲ್ಲಿ ಇನ್ನೊಂದು, ಹೀಗೆ ಎರಡಿದ್ದರೆ ಕ್ಷೇಮ. ಲೆನ್ಸು ಪಾಲಿಕಾರ್ಬೊನೇಟಿನದಾಗಿರಲಿ, ಸೋಗೆ ಬಡಿದರೂ ಸುಲಭವಾಗಿ ಒಡೆಯುವುದಿಲ್ಲ. ಹೆಲ್ಮೆಟ್ಟಿನೊಳಗೆ ನುಗ್ಗುವಂತೆ ಕಡ್ಡಿ ತೆಳ್ಳಗೆ, ನೇರವಾಗಿರಲಿ. ರಾತ್ರಿ ಓಡಾಟಕ್ಕೆಂದು ಮಾರುವ ಹಳದಿ ಕನ್ನಡಕ ಖಂಡಿತ ಬೇಡ. ಮೊದಲೇ ಕಡಿಮೆಯಿರುವ ಬೆಳಕನ್ನು ಅದು ಇನ್ನೂ ಕಳೆಯುತ್ತದೆ.

ಕನ್ನಡಕ ಓದುಬರಹದವರ ಶೋಕಿ, ತೋಟದವನಿಗೇಕೆ ಎಂದು ಅವರು ಕೇಳಿದರೆ ಅಸ್ಸಾಮಿನ ಕತೆ ಹೇಳಿ. ಅಲ್ಲಿನ ಚಹಾ ತೋಟವೊಂದರಲ್ಲಿ 40 ದಾಟಿದ ಕಾರ್ಮಿಕರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಅವರ ದುಡಿಮೆ ಶೇ. 21.7ರಷ್ಟು ಹೆಚ್ಚಿತ್ತು.

ಪ್ರಶ್ನೆ: ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ ಸಿಗುವ ಸಿದ್ಧ ಓದುಗನ್ನಡಕ ಹಾಕಿದರೆ ಕಣ್ಣು ಕೆಡುತ್ತದೆಯೇ?
— ಓದುಗರು, ಬಳ್ಳಾರಿ

ಉತ್ತರ: ಕೆಡುವುದಿಲ್ಲ. ಅದರಲ್ಲಿ ಎರಡು ಕಣ್ಣಿಗೂ ಒಂದೇ ಪವರ್, ಸಿಲಿಂಡರ್ (ಅಸ್ಟಿಗ್ಮ್ಯಾಟಿಸಂ ತಿದ್ದುವ ಪವರ್) ಇಲ್ಲ, ಪಿ.ಡಿ. ಕೂಡ ಯಾರದೋ ಸರಾಸರಿ. ನಿಮ್ಮ ಕಣ್ಣುಗಳು ಹಾಗೆಯೇ ಇದ್ದರೆ ಅದೃಷ್ಟ, ಇಲ್ಲವಾದರೆ ಅರ್ಧ ಗಂಟೆಯಲ್ಲಿ ತಲೆನೋವು. ದೇವರ ಕೋಣೆಯಲ್ಲೊಂದು, ಚೀಲದಲ್ಲೊಂದು ಇರಲಿ. ಕಣ್ಣು ಪರೀಕ್ಷೆಯ ಬದಲಿಗೆ ಮಾತ್ರ ಅದು ಆಗಬಾರದು.

ಪ್ರಶ್ನೆ: ತಂದೆಯವರ ಹಳೆಯ ಕನ್ನಡಕವೊಂದಿದೆ, 1970ರ ದಶಕದ್ದು. ಕಂದು ಬಣ್ಣದ ದಪ್ಪ ಫ್ರೇಮು, ಬೂತಗನ್ನಡಿಯಂಥ ಲೆನ್ಸು. ನನಗೀಗ 48. ಆ ಫ್ರೇಮಿಗೆ ನನ್ನ ಲೆನ್ಸು ಹಾಕಿಸಬಹುದೇ?
— ಓದುಗರು, ದಾವಣಗೆರೆ

ಉತ್ತರ: ಆ ಲೆನ್ಸು ಪೊರೆಯ ಶಸ್ತ್ರಚಿಕಿತ್ಸೆಯ ನಂತರದ್ದಿರಬೇಕು. ಆಗ ಪೊರೆಯ ಜೊತೆ ಮಸೂರವನ್ನೇ ತೆಗೆದು, ಒಳಗೆ ಬದಲಿ ಲೆನ್ಸು ಇಡದೆ, ಹೊರಗೆ ಸುಮಾರು +10ರ ಕನ್ನಡಕ ಕೊಡುತ್ತಿದ್ದರು. ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳಿಂದ ನೋಟ ಮರಳಿ ಪಡೆದ ಆ ಕಾಲದ ಹಿರಿಯರ ಕಣ್ಣುಗಳು ದಪ್ಪ ಗಾಜಿನ ಹಿಂದೆ ದೊಡ್ಡದಾಗಿ ಕಾಣುತ್ತಿದ್ದುದು ನಿಮ್ಮ ನೆನಪಿನಲ್ಲೂ ಇರಬಹುದು. ಈಗ ಕಣ್ಣಿನೊಳಗೇ ಲೆನ್ಸು ಇಡುವುದರಿಂದ ಅಂಥ ಕನ್ನಡಕ ಅಪರೂಪವಾಗಿದೆ.

ಫ್ರೇಮನ್ನು ಬಳಸಬಹುದು, ಕೆಲವು ಪರೀಕ್ಷೆಗಳನ್ನು ದಾಟಿದರೆ. ಆ ಕಾಲದ ಫ್ರೇಮುಗಳು ಹೆಚ್ಚಾಗಿ ಅಸಿಟೇಟಿನವು. ಐದು ದಶಕದಲ್ಲಿ ಒಣಗಿ ಪೆಡಸಾಗಿರುತ್ತವೆ. ಮೇಲೆ ಬಿಳಿ ಪುಡಿ ಬಂದಿದ್ದರೆ, ಮೂಗಿನ ಸೇತುವೆಯಲ್ಲಿ ಕೂದಲಿನಂಥ ಬಿರುಕಿದ್ದರೆ ಅದನ್ನು ನೆನಪಿಗೆ ಮಾತ್ರ ಇಟ್ಟುಕೊಳ್ಳಿ. ಗಟ್ಟಿಯಾಗಿದ್ದರೆ, ಅನುಭವವಿರುವ ಅಂಗಡಿಯವರಿಂದ ಮೆಲ್ಲಗೆ ಬಿಸಿ ಮಾಡಿಸಿ ಗಾಜನ್ನು ಹೊರತೆಗೆಸಿ. ತಣ್ಣಗಿರುವಾಗ ಒತ್ತಿ ತೆಗೆಯಲು ಬಿಡಬೇಡಿ. ತಿರುಪು, ಕೀಲು ಹೊಸದಾಗಿ ಹಾಕಬಹುದು. ಲೆನ್ಸಿನ ಎತ್ತರ 30 ಮಿ.ಮೀ. ದಾಟಿದ್ದರೆ ಪ್ರೊಗ್ರೆಸಿವ್ ಕೂಡ ಕೂರುತ್ತದೆ. ಪ್ಲಾಸ್ಟಿಕ್ ಲೆನ್ಸಿನ ತೂಕ ಗಾಜಿನ ಅರ್ಧದಷ್ಟಿರುವುದರಿಂದ ನಿಮ್ಮ ತಂದೆಯವರ ಮೂಗಿನ ಮೇಲೆ ಬಿದ್ದಿದ್ದ ಭಾರ ನಿಮ್ಮ ಮೇಲೆ ಬೀಳುವುದಿಲ್ಲ. ಹಣ ಕೊಡುವ ಮುನ್ನ ಖಾಲಿ ಫ್ರೇಮನ್ನು ಒಂದು ಸಂಜೆ ಮನೆಯಲ್ಲಿ ಹಾಕಿಕೊಂಡು ತಿರುಗಾಡಿ, ಊಟ ಮಾಡಿ, ಬಗ್ಗಿ ಚಪ್ಪಲಿ ಹಾಕಿಕೊಳ್ಳಿ. ಜಾರದೆ ನಿಂತರೆ, ಆ ಎರಡು ಗಾಜುಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಹಳೆಯ ಡಬ್ಬಿಯಲ್ಲಿಯೇ ಇಟ್ಟು, ಫ್ರೇಮನ್ನು ಅಂಗಡಿಗೆ ಒಯ್ಯಿರಿ.